ಕೋವಿ ಆಮೇಲೆ, ಗಾಳಿ ಮೊದಲು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಎನ್‌ಸಿಸಿ ಸೇರಿದ ಹುಡುಗ ಹುಡುಗಿಯರು ಮಾತಿಗೆ ಸಿಕ್ಕರೆ ಒಂದು ಪ್ರಶ್ನೆ ಬರುತ್ತದೆ: ‘ದೂರದ ಗುರಿಗೆ, ಅದೂ ಗಾಳಿ ಬೀಸುವಾಗ, ಯಾವ ಬೋರ್‌ನ ರೈಫಲ್ ಒಳ್ಳೇದು?’ ಶಿಬಿರದಲ್ಲಿ ಇವರ ಕೈಗೆ ಸಿಕ್ಕಿರುವುದು .22 ರೈಫಲ್. ಮೊಬೈಲಿನಲ್ಲಿ ನೋಡಿರುವುದು ಸಾವಿರ ಗಜ ದೂರದ ಕಬ್ಬಿಣದ ತಟ್ಟೆ ಠಣ್ ಎನ್ನುವ ವಿಡಿಯೊ. ಹಾಗಾಗಿ .308, 6.5 ಕ್ರೀಡ್‌ಮೋರ್, .338 ಲಾಪುವಾ ಎಂಬ ಹೆಸರುಗಳೆಲ್ಲ ನಾಲಿಗೆ ತುದಿಯಲ್ಲೇ ಇರುತ್ತವೆ. ‘ಪಾಯಿಂಟ್ ಟೂಟೂ ಮಕ್ಕಳ ಆಟ ಬಿಡಿ ಸಾರ್’ ಎನ್ನುವ ತಾತ್ಸಾರವೂ ಜೊತೆಗಿರುತ್ತದೆ.

ಪ್ರಶ್ನೆ ತಪ್ಪಲ್ಲ, ಅದಕ್ಕೆ ಲೆಕ್ಕಾಚಾರದ ಉತ್ತರವೂ ಇದೆ. ಆದರೆ ಆ ಉತ್ತರದಿಂದ ನಮ್ಮ ಸೀಮೆಯ ಮಕ್ಕಳಿಗೆ ಆಗುವ ಪ್ರಯೋಜನ ಕಡಿಮೆ ಎಂಬುದು ನಮ್ಮ ಅಭಿಪ್ರಾಯ. ದೊಡ್ಡ ಬೋರ್ ಗಾಳಿಯನ್ನು ಗೆಲ್ಲುವುದಿಲ್ಲ, ಗಾಳಿಯಿಂದ ಆಗುವ ನಷ್ಟವನ್ನು ಸ್ವಲ್ಪ ಕಡಿಮೆ ಮಾಡುತ್ತದೆ ಅಷ್ಟೆ. ಗಾಳಿಯನ್ನು ಗೆಲ್ಲುವುದು ಅದನ್ನು ಓದಬಲ್ಲ ಕಣ್ಣು. ಆ ಕಣ್ಣು ಬೆಳೆಯಲು ತಾತ್ಸಾರ ಮಾಡುವ ಅದೇ .22, 50 ಮೀಟರ್ ಬಯಲು, ಗಾಳಿ ತೋರಿಸುವ ನಾಲ್ಕು ಬಟ್ಟೆ ಚೂರು ಸಾಕು. ಸರ್ಕಾರವನ್ನು ಕೇಳುವುದಿದ್ದರೆ ಅದನ್ನೇ ಕೇಳಬೇಕು.

ರಾಗಿ ತೂರುವ ಲೆಕ್ಕ

ಮೊದಲು ಪ್ರಶ್ನೆಗೆ ಉತ್ತರ ಕೊಡೋಣ. ಕಣದಲ್ಲಿ ರಾಗಿ ತೂರಿದವರಿಗೆ ಇದು ಹೊಸದೇನಲ್ಲ. ಮೊರದಿಂದ ಸುರಿದಾಗ ಗಟ್ಟಿ ಕಾಳು ಕಾಲಬುಡದಲ್ಲೇ ಬೀಳುತ್ತದೆ, ಜೊಳ್ಳು ಸ್ವಲ್ಪ ಆಚೆ, ಹೊಟ್ಟು ಇನ್ನೂ ಆಚೆ. ಗಾಳಿ ಎಲ್ಲಕ್ಕೂ ಒಂದೇ. ತೂಕ ಹೆಚ್ಚಿದ್ದು, ಗಾಳಿಗೆ ಕಡಿಮೆ ಮೈಯೊಡ್ಡುವುದು, ಕಡಿಮೆ ಸರಿಯುತ್ತದೆ. ಗುಂಡಿನದೂ ಇದೇ ನ್ಯಾಯ. ತನ್ನ ಅಗಲಕ್ಕೆ ಹೆಚ್ಚು ತೂಕವಿರುವ, ಉದ್ದ ಮೂತಿಯ, ಹಿಂಬದಿ ಸಣ್ಣಗಾದ ಗುಂಡು ಗಾಳಿಯನ್ನು ಚೆನ್ನಾಗಿ ಸೀಳಿಕೊಂಡು ಹೋಗುತ್ತದೆ. ಈ ಗುಣದ ಅಳತೆಯನ್ನು ಬ್ಯಾಲಿಸ್ಟಿಕ್ ಕೋಎಫಿಷಿಯೆಂಟ್ ಎನ್ನುತ್ತಾರೆ. ಹಾಗಾಗಿ ಬೋರ್‌ಗಿಂತ ಗುಂಡಿನ ಆಕಾರ ಮತ್ತು ತೂಕವೇ ಮುಖ್ಯ.

ಅಡ್ಡಗಾಳಿ ಗಂಟೆಗೆ 16 ಕಿ.ಮೀ. ಎಂದಿಟ್ಟುಕೊಳ್ಳಿ. ಬಿರುಗಾಳಿಯೇನಲ್ಲ, ಎಲೆ ಮತ್ತು ಸಣ್ಣ ಕಡ್ಡಿಗಳು ಬಿಡದೆ ಅಲ್ಲಾಡುವಷ್ಟು, ತೆಳು ಬಾವುಟ ಬಿಚ್ಚಿಕೊಳ್ಳುವಷ್ಟು. ಸಾವಿರ ಗಜದಲ್ಲಿ, ಅಂದರೆ 914 ಮೀಟರಿನಲ್ಲಿ, 77 ಗ್ರೇನಿನ .223 ಗುಂಡು ಗುರಿಯಿಂದ ಮೂರು ಮೀಟರಿಗೂ ಹೆಚ್ಚು ಸರಿಯುತ್ತದೆ. 175 ಗ್ರೇನಿನ .308 ಸುಮಾರು ಎರಡೂವರೆ ಮೀಟರ್. 140 ಗ್ರೇನಿನ 6.5 ಕ್ರೀಡ್‌ಮೋರ್ ಎರಡು ಮೀಟರಿಗೆ ತುಸು ಕಡಿಮೆ. 300 ಗ್ರೇನಿನ .338 ಲಾಪುವಾ ಒಂದೂವರೆ ಮೀಟರಿನ ಆಸುಪಾಸು. ನಳಿಗೆಯ ಉದ್ದ, ಮದ್ದಿನ ಪ್ರಮಾಣ ನೋಡಿಕೊಂಡು ಈ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ, ಆದರೆ ಕ್ರಮ ಬದಲಾಗುವುದಿಲ್ಲ.

‘ನೋಡಿ, .308ಗಿಂತ 6.5 ವಾಸಿ ಆಯ್ತಲ್ಲ’ ಎನ್ನಬಹುದು. ಆಯ್ತು. ಎರಡರ ನಡುವಿನ ವ್ಯತ್ಯಾಸ ಸುಮಾರು 60 ಸೆಂ.ಮೀ. ಈಗ ಇನ್ನೊಂದು ಲೆಕ್ಕ ಹಾಕಿ. 16 ಕಿ.ಮೀ. ಗಾಳಿಗೆ .308 ಗುಂಡು ಎರಡೂವರೆ ಮೀಟರ್ ಸರಿದರೆ, 4 ಕಿ.ಮೀ. ಗಾಳಿಗೆ ಸುಮಾರು 60 ಸೆಂ.ಮೀ. ಸರಿಯುತ್ತದೆ. ಎಂದರೆ, ಗಾಳಿ 16 ಇದ್ದಾಗ 12 ಎಂದು ಅಂದಾಜು ಮಾಡಿದವನ ಗುಂಡು ಅಷ್ಟೇ ದೂರ ತಪ್ಪುತ್ತದೆ. ಲಕ್ಷಗಟ್ಟಲೆ ಕೊಟ್ಟು ತಂದ ಬೋರ್‌ನ ಲಾಭ, ಗಾಳಿಯನ್ನು ನಾಲ್ಕು ಕಿ.ಮೀ. ತಪ್ಪಾಗಿ ಓದಿದ ಒಂದೇ ಸಲಕ್ಕೆ ಕೈಬಿಟ್ಟು ಹೋಯಿತು. ನಾಲ್ಕು ಕಿ.ಮೀ. ವ್ಯತ್ಯಾಸವನ್ನು ಬರಿಗಣ್ಣಿನಲ್ಲಿ ಗುರುತಿಸಲು ವರ್ಷಗಟ್ಟಲೆ ಅಭ್ಯಾಸ ಬೇಕು. ಆ ಅಭ್ಯಾಸ ಅಂಗಡಿಯಲ್ಲಿ ಸಿಗುವುದಿಲ್ಲ.

ಮಕ್ಕಳಾಟ ಅಲ್ಲದ .22

.22 ಗುಂಡು ಸುಮಾರು 40 ಗ್ರೇನ್ ತೂಗುತ್ತದೆ, ಎರಡೂವರೆ ಗ್ರಾಮಿಗೆ ತುಸು ಹೆಚ್ಚು. ಮೊಂಡು ಮೂತಿ, ಕಡಿಮೆ ವೇಗ. ಅದೇ 16 ಕಿ.ಮೀ. ಅಡ್ಡಗಾಳಿಗೆ 50 ಮೀಟರಿನಲ್ಲಿ ಇದು ಹೆಚ್ಚುಕಡಿಮೆ ಮೂರು ಸೆಂ.ಮೀ. ಸರಿಯುತ್ತದೆ. ಮೂರು ಸೆಂ.ಮೀ. ಏನು ಮಹಾ ಎನ್ನಬೇಡಿ. ಅಂತರರಾಷ್ಟ್ರೀಯ ಸ್ಪರ್ಧೆಯ 50 ಮೀಟರ್ ರೈಫಲ್ ಗುರಿಹಲಗೆಯಲ್ಲಿ ಹತ್ತರ ವೃತ್ತದ ಅಡ್ಡಳತೆ 10.4 ಮಿ.ಮೀ. ಮಾತ್ರ. ಅಲ್ಲಿಂದಾಚೆ ಪ್ರತಿ 8 ಮಿ.ಮೀ.ಗೆ ಒಂದು ಅಂಕ ಇಳಿಯುತ್ತದೆ. ನಟ್ಟನಡುವೆ ಬೀಳಬೇಕಿದ್ದ ಗುಂಡು ಮೂರು ಸೆಂ.ಮೀ. ಸರಿದರೆ ಹತ್ತಕ್ಕೆ ಬದಲು ಏಳು. ಗಾಳಿ ಅರ್ಧದಷ್ಟಿದ್ದರೂ ಹತ್ತು ಕೈತಪ್ಪಿ ಒಂಬತ್ತಾಗುತ್ತದೆ.

ಇದನ್ನೇ ಕೋನದ ಲೆಕ್ಕದಲ್ಲಿ ನೋಡಿದರೆ, 50 ಮೀಟರಿನಲ್ಲಿ .22ಗೆ ಗಾಳಿ ಮಾಡುವ ತೊಂದರೆ 300 ಮೀಟರಿನ ಹತ್ತಿರ .308ಗೆ ಮಾಡುವ ತೊಂದರೆಗೆ ಸಮ. ನೂರು ಮೀಟರಿನ .22, ಐನೂರರ ಸಮೀಪದ .308 ಇದ್ದಂತೆ. ಅಂದರೆ ದೂರದ ಗುರಿಯ ಗಾಳಿಪಾಠವನ್ನು ಒಂದು ಶಾಲಾ ಮೈದಾನದಷ್ಟು ಜಾಗದಲ್ಲೇ ಕಲಿಯಬಹುದು. ಒಂದು ದೊಡ್ಡ ಬೋರ್ ಕಾಡತೂಸಿನ ದುಡ್ಡಿಗೆ .22 ಕಾಡತೂಸು ಹಲವು ಬರುತ್ತವೆ. ಭುಜಕ್ಕೆ ಒದೆತವಿಲ್ಲ, ಹಾಗಾಗಿ ತಪ್ಪು ಎಲ್ಲಾಯಿತು ಎಂದು ಕಣ್ಣು ಮುಚ್ಚದೆ ನೋಡಬಹುದು.

ವೇಗ ಹೆಚ್ಚಿದ್ದಷ್ಟೂ ಗಾಳಿಗೆ ಜಗ್ಗುವುದಿಲ್ಲ ಎಂಬ ನಂಬಿಕೆ ಬಹಳ ಮಂದಿಗಿದೆ. .22ರಲ್ಲಿ ಆಗುವುದು ಇದರ ಉಲ್ಟಾ. ಶಬ್ದದ ವೇಗ ಸೆಕೆಂಡಿಗೆ 340 ಮೀಟರಿನ ಆಸುಪಾಸು. ಸ್ಪರ್ಧೆಯ ಕಾಡತೂಸಿನ ಗುಂಡು ಅದಕ್ಕಿಂತ ಸ್ವಲ್ಪ ಕೆಳಗೆ, ಸುಮಾರು 330ರಲ್ಲಿ ಹೊರಡುತ್ತದೆ. ‘ಹೈ ವೆಲಾಸಿಟಿ’ ಎಂದು ಮಾರುವ ಗುಂಡು ಶಬ್ದವನ್ನು ದಾಟಿ ಹೊರಡುತ್ತದೆ, ಆದರೆ ಆ ವೇಗದಲ್ಲಿ ಗಾಳಿಯ ತಡೆ ಏಕಾಏಕಿ ಏರುವುದರಿಂದ ಬೇಗ ಬೇಗ ವೇಗ ಕಳೆದುಕೊಳ್ಳುತ್ತದೆ. ಅಡ್ಡಗಾಳಿ ಗುಂಡನ್ನು ಎಷ್ಟು ಸರಿಸುತ್ತದೆ ಎಂಬುದು ಅದು ಹಾರಿದ ಒಟ್ಟು ಸಮಯದಿಂದ ತೀರ್ಮಾನವಾಗುವುದಿಲ್ಲ. ತಡೆಯೇ ಇಲ್ಲದಿದ್ದರೆ ತಲುಪುತ್ತಿದ್ದ ಸಮಯಕ್ಕಿಂತ ಎಷ್ಟು ತಡವಾಯಿತು ಎಂಬುದರಿಂದ ತೀರ್ಮಾನವಾಗುತ್ತದೆ. ಜೋರಾಗಿ ಹೊರಟ .22 ಹೆಚ್ಚು ತಡವರಿಸುತ್ತದೆ, ಆದ್ದರಿಂದ ನೂರು ಗಜದಲ್ಲಿ ನಿಧಾನದ ಗುಂಡಿಗಿಂತ ಹೆಚ್ಚು ಸರಿಯುತ್ತದೆ. ಹೆಚ್ಚು ದುಡ್ಡು, ಹೆಚ್ಚು ಸದ್ದು, ಹೆಚ್ಚು ತಪ್ಪು. ಈ ಒಂದು ಸಂಗತಿ ಗೊತ್ತಿದ್ದರೆ ಜಾಹೀರಾತಿನ ಮಾತಿಗೆ ಮರುಳಾಗುವುದು ತಪ್ಪುತ್ತದೆ.

ಬೋರ್ ಆರಿಸುವುದು ಗಾಳಿಯಲ್ಲ, ಕಾನೂನು

ಅಮೆರಿಕದ ವಿಡಿಯೊ ನೋಡಿ ಇಲ್ಲಿ ಬೋರ್ ಆರಿಸಲು ಹೋಗುವವರು ಒಂದು ಮಾತು ಮರೆಯುತ್ತಾರೆ. ನಮ್ಮ ದೇಶದಲ್ಲಿ ಸೇನೆಯ ಕಾಡತೂಸು ಹಿಡಿಸುವ .303, 7.62 ಮಿ.ಮೀ.ನಂಥವು ಸಾಮಾನ್ಯ ನಾಗರಿಕರ ಪಾಲಿಗೆ ನಿಷೇಧಿತ ಬೋರ್. ಅದಕ್ಕೇ ಇಛಾಪುರದ ರೈಫಲ್ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್ ಇಷ್ಟು ವರ್ಷ ದೇಶದ ಪರವಾನಗಿದಾರರ ಕೈಯಲ್ಲಿ ಓಡಾಡಿತು. ಭಾರವಾದ ಮೊಂಡು ಮೂತಿಯ ಗುಂಡು, ಸಾಧಾರಣ ವೇಗ. ಹತ್ತಿರದ ಗುರಿಗೆ ಸರಿ, ಗಾಳಿಯಲ್ಲಿ ದೂರ ಹೊಡೆಯಲು ಅದನ್ನು ಯಾರೂ ಬೇಕೆಂದು ಆರಿಸಿದ್ದಲ್ಲ. ಸಿಗುವುದು ಅದು, ಅದಕ್ಕೇ ತೆಗೆದುಕೊಂಡದ್ದು.

21 ವರ್ಷ ತುಂಬದೆ ಸಾಮಾನ್ಯ ಪರವಾನಗಿಯೂ ಇಲ್ಲ. 2019ರ ತಿದ್ದುಪಡಿಯ ಮೇಲೆ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಕ್ರೀಡಾಪಟುಗಳಿಗೆ ಬೇರೆ ನಿಯಮ, ರಿಯಾಯಿತಿ ಇವೆ, ಆದರೆ ಅವು ದೊರೆಯುವುದು ರೈಫಲ್ ಸಂಸ್ಥೆಯ ಸದಸ್ಯತ್ವ ಮತ್ತು ಸ್ಪರ್ಧೆಯ ಅಂಕಗಳ ಮೇಲೆ. ಅಂಕ ತರಬೇಕಾದರೆ ಅಭ್ಯಾಸಕ್ಕೆ ಜಾಗ ಬೇಕು. ಜಾಗವೇ ಇಲ್ಲದವರಿಗೆ ರಿಯಾಯಿತಿಯ ಬಾಗಿಲು ತೆರೆದಿದ್ದರೂ ಒಂದೇ, ಮುಚ್ಚಿದ್ದರೂ ಒಂದೇ.

ಹಾಗಂತ ದೂರದ ಗುರಿಯ ವಿದ್ಯೆ ನಮ್ಮ ನಾಡಿಗೆ ಅಪರಿಚಿತವಲ್ಲ. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಕಂಪನಿ 7.62 ಮಿ.ಮೀ.ನ ‘ವೈಪರ್’, .338 ಲಾಪುವಾದ ‘ಸೇಬರ್’ ಎಂಬ ಸ್ನೈಪರ್ ರೈಫಲ್‌ಗಳನ್ನು ಇಲ್ಲೇ ಮಾಡುತ್ತಿದೆ. ನಮ್ಮ ಸೇನೆ ಹಳೆಯ ಡ್ರಾಗುನೋವ್ ಜಾಗಕ್ಕೆ .338 ರೈಫಲ್‌ಗಳನ್ನು ತರಿಸಿದ್ದಕ್ಕೆ ದೂರ ಮತ್ತು ಗಾಳಿ ಎರಡೂ ಕಾರಣ. ಅದು ಸೇನೆಯ ಅಗತ್ಯ. ಕ್ರೀಡೆಗೆ ಬರುವ ಹಳ್ಳಿ ಮಕ್ಕಳ ದಾರಿ ಬೇರೆ.

ಕೊಡಗಿನ ಕಡೆ ನೋಡಿ. ನಮ್ಮಲ್ಲಿ ಅಟ್ಟಕ್ಕೆ ಹೋಗುವ ತೆಂಗಿನಕಾಯಿ ಅಲ್ಲಿ ಗುರಿಯಾಗುತ್ತದೆ. ಕೈಲ್‌ಪೊಳ್ದ್ ಹಬ್ಬದ ದಿನಗಳಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ಊರೂರಲ್ಲಿ ನಡೆಯುತ್ತವೆ. .22 ಒಂದು ವಿಭಾಗ, 12 ಬೋರ್ ಒಂದು, ಏರ್‌ಗನ್ ಇನ್ನೊಂದು. ಗಂಡಸರ ಸಾಲಿನಲ್ಲೇ ಹೆಂಗಸರೂ ನಿಲ್ಲುತ್ತಾರೆ. ಕೊಡವರಿಗೆ ಬ್ರಿಟಿಷರ ಕಾಲದಿಂದ ಬಂದಿರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅವರ ವಿನಾಯಿತಿ ನಮಗೂ ಬೇಕು ಎಂದು ನಾವು ಕೇಳುತ್ತಿಲ್ಲ. ಕೋವಿ ಅಲ್ಲಿ ದೇವರ ಮನೆಯ ವಸ್ತು, ನಮ್ಮಲ್ಲಿ ಹಂದಿ ಕಾಯುವ ಸಾಮಾನು. ಚುನಾವಣೆ ಬಂತೆಂದರೆ ಠಾಣೆಗೆ ಹೋಗಿ ಒಪ್ಪಿಸಿ, ಮುಗಿದ ಮೇಲೆ ರಸೀದಿ ಹಿಡಿದು ಬಿಡಿಸಿಕೊಂಡು ಬರುವ ಸಾಮಾನು. ಕೊಡಗಿನಿಂದ ನಾವು ಕಲಿಯಬೇಕಾದದ್ದು ಒಂದೇ: ಅಲ್ಲಿ ಗುರಿ ಹೊಡೆಯುವುದು ಊರೆಲ್ಲ ನೋಡುವ ಬಯಲಿನಲ್ಲಿ, ಹಿರಿಯರ ಕಣ್ಣೆದುರು ನಡೆಯುತ್ತದೆ. ಮರೆಯಲ್ಲಿ ನಡೆಯುವುದಿಲ್ಲ.

ನಮ್ಮ ಸೀಮೆಯ ಗಾಳಿ

ಗಾಳಿಪಾಠಕ್ಕೆ ನಮ್ಮಲ್ಲಿ ಮೇಷ್ಟ್ರು ಬಿಟ್ಟಿ ಸಿಗುತ್ತಾರೆ. ಆಷಾಢದಲ್ಲಿ ಪಡುವಣದಿಂದ ಬೀಸುವ ಗಾಳಿಗೆ ಒಣಗಿದ ಗರಿ ಕಳಚಿ ಬೀಳುವುದು, ಚಳಿಗಾಲದಲ್ಲಿ ಮೂಡಗಾಳಿ ತಿರುಗಿಕೊಳ್ಳುವುದು ಎಲ್ಲರಿಗೂ ಗೊತ್ತು. ಚಿಕ್ಕನಾಯಕನಹಳ್ಳಿ ದಾಟಿ ಹೊಸದುರ್ಗದ ಕಡೆ ಹೋದರೆ ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಕಂಪನಿಗಳು ಅವನ್ನು ಸುಮ್ಮನೆ ತಂದು ನಿಲ್ಲಿಸಿಲ್ಲ.

ಆದರೆ ತೆಂಗಿನ ಗರಿ ನೋಡಿ ಗಾಳಿ ಅಳೆದರೆ ಮೋಸ ಹೋಗುತ್ತೀರಿ. ಗರಿ ಇರುವುದು ಐವತ್ತು ಅರವತ್ತು ಅಡಿ ಎತ್ತರದಲ್ಲಿ. ಗುಂಡು ಹೋಗುವುದು ಸೊಂಟದ ಮಟ್ಟದಲ್ಲಿ, ಮಲಗಿ ಹೊಡೆದರೆ ಇನ್ನೂ ಕೆಳಗೆ. ಮೇಲೆ ಗಾಳಿ ಹೆಚ್ಚು, ನೆಲದ ಹತ್ತಿರ ಕಡಿಮೆ, ತೋಟದ ಅಂಚಿನಲ್ಲಿ ಅದು ಸುತ್ತಿಕೊಂಡು ವಾಪಸ್ ಬರುವುದೂ ಉಂಟು. ಹಾಗಾಗಿ ಗುಂಡಿನ ದಾರಿಯ ಗಾಳಿಯನ್ನೇ ನೋಡಬೇಕು. ಅಂತರರಾಷ್ಟ್ರೀಯ ನಿಯಮದಂತೆ 50 ಮೀಟರ್ ರೇಂಜಿನಲ್ಲಿ ಹೊಡೆಯುವ ಸಾಲಿನಿಂದ 10 ಮೀಟರಿಗೆ ಒಂದು, 30 ಮೀಟರಿಗೆ ಒಂದು ಗಾಳಿ ಬಾವುಟ ಇರುತ್ತದೆ. 5 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದದ ಬಟ್ಟೆ ಪಟ್ಟಿ. ಹಳೇ ಪಂಚೆ ಸೀಳಿದರೆ ಅಭ್ಯಾಸಕ್ಕೆ ಬೇಕಾದಷ್ಟು ಸಿಗುತ್ತವೆ. ಹತ್ತಿರದ ಬಾವುಟಕ್ಕೆ ಹೆಚ್ಚು ಬೆಲೆ ಕೊಡಬೇಕು. ನಳಿಗೆ ಬಿಟ್ಟ ಕೂಡಲೇ ಪಕ್ಕಕ್ಕೆ ವಾಲಿದ ಗುಂಡು ಉಳಿದ ದಾರಿಯುದ್ದಕ್ಕೂ ಆ ಕಡೆಗೇ ಸರಿಯುತ್ತಾ ಹೋಗುತ್ತದೆ.

ಬಿಸಿಲಿದ್ದರೆ ಇನ್ನೊಂದು ಸಾಧನವಿದೆ, ಬಿಸಿಲ್ಗುದುರೆ. ದುರ್ಬೀನಿನಲ್ಲಿ ನೋಡಿದಾಗ ಬಿಸಿ ಅಲೆ ನೆಟ್ಟಗೆ ಮೇಲಕ್ಕೆ ಕುದಿಯುತ್ತಿದ್ದರೆ ಅಡ್ಡಗಾಳಿ ಇಲ್ಲ. ಎಡದಿಂದ ಬಲಕ್ಕೆ ಹರಿಯುತ್ತಿದ್ದರೆ ಎಡಗಾಳಿ. ಹರಿವು ಚಪ್ಪಟೆಯಾದಷ್ಟೂ ಗಾಳಿ ಜೋರು. ಬಲಸುತ್ತಿನ ನಳಿಗೆಯಾದರೆ ಎಡಗಾಳಿಗೆ ಗುಂಡು ಬಲಕ್ಕೆ ಮತ್ತು ತುಸು ಕೆಳಕ್ಕೆ, ಬಲಗಾಳಿಗೆ ಎಡಕ್ಕೆ ಮತ್ತು ತುಸು ಮೇಲಕ್ಕೆ ಬೀಳುತ್ತದೆ. ಇಷ್ಟೆಲ್ಲ ತಿಳಿದ ಮೇಲೂ ಗಾಳಿ ಕ್ಷಣಕ್ಷಣಕ್ಕೆ ಬದಲಾಗುತ್ತಲೇ ಇರುತ್ತದೆ. ನುರಿತವರು ಪ್ರತಿ ಬದಲಾವಣೆಯ ಬೆನ್ನು ಹತ್ತುವುದಿಲ್ಲ. ಹೆಚ್ಚು ಸಲ ಮರಳಿ ಬರುವ ಒಂದು ಗಾಳಿಯನ್ನು ಗುರುತಿಟ್ಟುಕೊಂಡು, ಅದು ಬರುವವರೆಗೆ ಕಾದು ಕುದುರೆ ಎಳೆಯುತ್ತಾರೆ. ಗಾಳಿ ಬಂದಾಗ ತೂರಿಕೋ ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ.

ತೋಟದಲ್ಲಿ ಬೇಡ

ಇಷ್ಟು ಓದಿ ಯಾರಾದರೂ ತೋಟದಲ್ಲಿ ಬಾವುಟ ನೆಟ್ಟು ಶುರು ಮಾಡಿಯಾರು ಎಂಬ ಭಯವೂ ನಮಗಿದೆ. ದಯವಿಟ್ಟು ಬೇಡ. .22 ಗುಂಡು ತಡೆಯಿಲ್ಲದೆ ಹಾರಿದರೆ ಒಂದೂವರೆ ಕಿ.ಮೀ.ವರೆಗೆ ಹೋಗಬಲ್ಲದು. ಅಷ್ಟರೊಳಗೆ ಕಾಯಿ ಕೀಳುವವರು, ಮಟ್ಟೆ ಆಯುವವರು, ಕುರಿ ಹುಡುಗರು, ಪಕ್ಕದ ಊರು ಎಲ್ಲ ಬರುತ್ತಾರೆ. ಸಾಲುಮರಗಳ ಮಧ್ಯೆ ಯಾರಿದ್ದಾರೆ ಎಂದು ಕಾಣುವುದೇ ಇಲ್ಲ. ಕೆರೆ ಏರಿಯೂ ಬೇಡ, ಅದರ ಮೇಲೆ ಜನ ಓಡಾಡುತ್ತಾರೆ. ಹಳೇ ಕಲ್ಲುಕ್ವಾರಿ ಸಾಕಲ್ಲ ಎನ್ನುವವರಿದ್ದಾರೆ. ಕಲ್ಲಿಗೆ ತಾಗಿದ ಗುಂಡು ಎತ್ತ ಚಿಮ್ಮುತ್ತದೆ ಎಂದು ಹೇಳಲಾಗದು. ಗುರಿಯ ಹಿಂದೆ ಕಲ್ಲಿಲ್ಲದ ಮಣ್ಣಿನ ಎತ್ತರದ ದಿಬ್ಬವೇ ಬೇಕು. ಕಾಲಕಾಲಕ್ಕೆ ಆ ಮಣ್ಣು ಜರಡಿ ಹಿಡಿದು ಸೀಸ ತೆಗೆಯಲೂಬೇಕು, ಇಲ್ಲವಾದರೆ ಅದು ಮಳೆ ನೀರಿನ ಜೊತೆ ಹಳ್ಳ ಸೇರುತ್ತದೆ.

ನಾವು ಕೇಳುವುದು

ಇಂಥ ಜಾಗವನ್ನು ಒಬ್ಬ ಹುಡುಗನಾಗಲೀ ಒಂದು ಮನೆಯಾಗಲೀ ಮಾಡಿಕೊಳ್ಳಲಾಗದು. ಅದಕ್ಕೇ ಇದು ಸಾರ್ವಜನಿಕ ಪ್ರಶ್ನೆ. ಶೂಟಿಂಗ್ ಸೌಲಭ್ಯ ಎಂದರೆ ಹತ್ತು ಮೀಟರಿನ ಏರ್‌ರೈಫಲ್ ಹಾಲ್ ಎಂದಷ್ಟೇ ಬಹುತೇಕರ ಕಲ್ಪನೆ. ಅದು ಬೇಡ ಎನ್ನುವುದಿಲ್ಲ. ಅಭಿನವ್ ಬಿಂದ್ರಾ 2008ರಲ್ಲಿ ಚಿನ್ನ ಗೆದ್ದದ್ದು ಹತ್ತು ಮೀಟರಿನಲ್ಲೇ. ಆರಂಭಕ್ಕೆ ಅದು ಸುರಕ್ಷಿತ, ಅಗ್ಗ. ಆದರೆ ನಾಲ್ಕು ಗೋಡೆಯೊಳಗೆ ಗಾಳಿ ಇಲ್ಲ. ಅಲ್ಲಿ ಕಲಿತವರು 50 ಮೀಟರಿನ ಬಯಲಿಗೆ ಬಂದಾಗ ಮೊದಲ ಗಾಳಿಗೇ ಕಂಗಾಲಾಗುತ್ತಾರೆ. ನಗರದ ಮಕ್ಕಳು ದುಡ್ಡು ಕೊಟ್ಟು ಬಯಲು ರೇಂಜಿಗೆ ಹೋಗುತ್ತಾರೆ, ನಮ್ಮ ಮಕ್ಕಳ ಓಟ ಹಾಲ್‌ಗೇ ಮುಗಿಯುತ್ತದೆ.

2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ನಮ್ಮ ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿ ಎಂಬ ಹಳ್ಳಿಯವರು. ಆ ಸ್ಪರ್ಧೆಯಲ್ಲಿ ಭಾರತಕ್ಕೆ ಬಂದ ಮೊದಲ ಒಲಿಂಪಿಕ್ ಪದಕ ಅದು. ಹೊಡೆದದ್ದು .22ರಲ್ಲೇ. 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ಪ್ರೋನ್ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ್ ಕೂಡ ಕೊಲ್ಹಾಪುರದವರೇ. ‘ಮಕ್ಕಳಾಟ’ ಎನ್ನುವವರಿಗೆ ಇಷ್ಟು ಉತ್ತರ ಸಾಕು.

ನಮ್ಮ ಬೇಡಿಕೆ ದೊಡ್ಡದಲ್ಲ. ಮೂರು ತಾಲ್ಲೂಕಿಗೆ ಸೇರಿ ಒಂದು 50 ಮೀಟರ್ ಬಯಲು ರೇಂಜ್. ಬಿಸಿಲು ಕಣ್ಣಿಗೆ ಹೊಡೆಯದಂತೆ ಉತ್ತರಕ್ಕೆ ಮುಖ ಮಾಡಿ ಕಟ್ಟಿದರೆ ಆಷಾಢದ ಪಡುವಣ ಗಾಳಿ ಸರಿಯಾಗಿ ಎಡಭುಜಕ್ಕೆ ಬೀಸುತ್ತದೆ. ಬೇರೆ ಕಡೆಯವರು ಹುಡುಕಿಕೊಂಡು ಬರುವಂಥ ಅಭ್ಯಾಸದ ಜಾಗವಾಗುತ್ತದೆ. ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ರೇಂಜ್ ಕಟ್ಟುವವರೆಗೆ ಪೊಲೀಸ್ ರೇಂಜಿನಲ್ಲಿ ತಿಂಗಳಿಗೆ ಎರಡು ದಿನ ಎನ್‌ಸಿಸಿ ಮಕ್ಕಳಿಗೆ, ಕ್ರೀಡಾಸಕ್ತರಿಗೆ ಅವಕಾಶ ಕೊಡಬಹುದು. ಕೋವಿ, ಕಾಡತೂಸು ಸಂಸ್ಥೆಯ ಬೀಗದಲ್ಲೇ ಇರಲಿ, ಯಾರ ಮನೆಗೂ ಹೋಗುವುದು ಬೇಡ. ಹಳ್ಳಿಗೆ ಬಂದೂಕಿನ ಹುಚ್ಚು ಹತ್ತಿಸಬೇಡಿ ಎಂದು ಆಕ್ಷೇಪಿಸುವವರ ಆತಂಕ ನಮಗೂ ಅರ್ಥವಾಗುತ್ತದೆ. ಹುಚ್ಚು ಹತ್ತುವುದು ಮೊಬೈಲಿನಲ್ಲಿ. ಪ್ರತಿ ಗುಂಡಿಗೂ ಲೆಕ್ಕ ಕೊಡಬೇಕಾದ ರೇಂಜಿನಲ್ಲಿ ಅದು ಇಳಿಯುತ್ತದೆ.

ಕೊನೆಯದಾಗಿ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಕೊಬ್ಬರಿ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಕಾದು ದುಡ್ಡಾಗುತ್ತದೆ, ಮಾರುಕಟ್ಟೆಯಲ್ಲಿ ದರ ಯಾವಾಗ ಕುಸಿಯುತ್ತದೋ ಯಾರಿಗೂ ಗೊತ್ತಿಲ್ಲ. ಮಗನೋ ಮಗಳೋ ‘ಬೋರ್ ಸರಿ ಇಲ್ಲ, ಅದಕ್ಕೇ ಅಂಕ ಬರ್ತಿಲ್ಲ’ ಎಂದರೆ ಆ ದುಡ್ಡನ್ನು ಕೂಡಲೇ ಬಿಚ್ಚಬೇಡಿ. ಎರಡು ಬಟ್ಟೆ ಪಟ್ಟಿ ಕೊಟ್ಟು, ಗಾಳಿ ಎತ್ತಲಿಂದ, ಎಷ್ಟು ಎಂದು ಒಂದು ತಿಂಗಳು ದಿನವೂ ಬರೆದಿಡಲು ಹೇಳಿ. ಬರೆದು ತಂದವರಿಗೆ ರೇಂಜ್ ಕೊಡಿಸಲು ನಾವು ನೀವು ಸೇರಿ ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತೋಣ. ಬೋರ್‌ನ ಮಾತು ಅದಾದ ಮೇಲೆ ಇದ್ದೇ ಇದೆ.